ಸವಳು ಭೂಮಿಯಲ್ಲಿ ಕಲ್ಲಂಗಡಿ ಮತ್ತು ಕರಬೂಜ

ಮಳೆಗಾಲದ ಪ್ರವಾಹ ಇಳಿದ ಮೇಲೆ ನದಿಯ ಮರಳಿನಲ್ಲಿ ಗುಣಿ ತೋಡಿ, ಕೊಟ್ಟಿಗೆ ಗೊಬ್ಬರ ತುಂಬಿ, ಕಲ್ಲಂಗಡಿ ಮತ್ತು ಕರಬೂಜ ಬೀಜ ಹಾಕುವ ಪದ್ಧತಿ ಬಹಳ ಹಳೆಯದು. ಅಲ್ಲಿ ಬೆಳೆಗೆ ಉಪ್ಪಿನ ಕಾಟ ಅಷ್ಟಾಗಿ ಇರುವುದಿಲ್ಲ. ಮರಳಿನಲ್ಲಿ ನೀರು ನಿಲ್ಲದು. ಅಲ್ಪಸ್ವಲ್ಪ ಲವಣ ಉಳಿದರೂ ಮುಂದಿನ ವರ್ಷದ ಪ್ರವಾಹ ಅದನ್ನು ತೊಳೆದುಕೊಂಡು ಹೋಗುವುದು. ಈಗ ಇದೇ ಬೆಳೆ ಹೊಳೆದಂಡೆ ಬಿಟ್ಟು ಹೊಲಕ್ಕೆ ಬಂದಿದೆ. ಕಾಲುವೆ ಮತ್ತು ಕೊಳವೆಬಾವಿಯ ಆಶ್ರಯದಲ್ಲಿ, ಎರೆ ಭೂಮಿಯಲ್ಲಿಯೂ, ಹನಿ ನೀರಾವರಿ ಮತ್ತು ಪ್ಲಾಸ್ಟಿಕ್ ಹೊದಿಕೆಯೊಂದಿಗೆ ಬೇಸಿಗೆಯ ಬೆಳೆಯಾಗಿ ಅದನ್ನು ಬೆಳೆಯಲಾಗುತ್ತಿದೆ. ಎರೆ ಭೂಮಿಯಲ್ಲಿ ನೀರು ಸುಲಭವಾಗಿ ಬಸಿಯದು. ಪ್ರವಾಹವೂ ಬಂದು ತೊಳೆಯದು. ಹೊಳೆಯು ತಾನಾಗಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ರೈತನೇ ಮಾಡಬೇಕಾಗುತ್ತದೆ.

ಈ ಬೆಳೆಯ ಅವಧಿ ಎಂಬತ್ತು-ತೊಂಬತ್ತು ದಿನ ಮಾತ್ರ. ಸಂಕರಣ ಬೀಜ, ಹೊದಿಕೆಯ ಹಾಳೆ, ತಳಗೊಬ್ಬರ, ಹನಿ ಕೊಳವೆ ಇವುಗಳ ಖರ್ಚೆಲ್ಲ ಮೊದಲ ಹದಿನೈದು ದಿನಗಳಲ್ಲಿಯೇ ಆಗಿಹೋಗಿರುತ್ತದೆ. ಸವಳು ತನ್ನ ಏಟು ಕೊಡುವುದೂ ಆ ಹದಿನೈದು-ಇಪ್ಪತ್ತು ದಿನಗಳಲ್ಲಿಯೇ. ಸಸಿ ಸತ್ತ ಮೇಲೆ ಮರುಬಿತ್ತನೆ ಮಾಡಿದರೆ ಬೆಳೆ ಬಿಸಿಲಿನ ಕೊನೆಗೆ ಸಿಕ್ಕಿಕೊಂಡು, ಮಾರುಕಟ್ಟೆಯೂ ಕೈತಪ್ಪುವುದು. ಆದುದರಿಂದ ಹೊಲದ ಪರೀಕ್ಷೆ ಬಿತ್ತನೆಗೆ ಮೊದಲೇ ಆಗತಕ್ಕದ್ದು.

ಉಪ್ಪು ಎಲ್ಲಿಂದ ಬರುತ್ತದೆ?

ಭಾರತದಲ್ಲಿ ಸುಮಾರು 67 ಲಕ್ಷ ಹೆಕ್ಟೇರ್ ಭೂಮಿ ಲವಣ ಅಥವಾ ಕ್ಷಾರದಿಂದ ಕೆಟ್ಟಿದೆ ಎಂದು ಅಂದಾಜು ಮಾಡಲಾಗಿದೆ. ಕರ್ನಾಟಕದಲ್ಲಿ ತುಂಗಭದ್ರಾ, ಕೃಷ್ಣಾ, ಮಲಪ್ರಭಾ, ಘಟಪ್ರಭಾ ಅಚ್ಚುಕಟ್ಟುಗಳ ಎರೆ ಭೂಮಿಯಲ್ಲಿ ಈ ತೊಂದರೆ ಹೆಚ್ಚು. ಇದು ಹೊಸ ಸಂಗತಿಯೂ ಅಲ್ಲ. ಮಹಾರಾಷ್ಟ್ರದ ನೀರಾ ಕಣಿವೆಯಲ್ಲಿ ಕಾಲುವೆ ಬಂದ ಕೆಲವೇ ದಶಕಗಳಲ್ಲಿ ಎರೆ ಭೂಮಿ ಸವಳಾದುದನ್ನು ಪುಣೆಯ ಕೃಷಿ ಕಾಲೇಜಿನ ಹೆರಾಲ್ಡ್ ಮ್ಯಾನ್ ಮತ್ತು ಅವರ ಸಹೋದ್ಯೋಗಿ 1910ರಲ್ಲಿಯೇ ವರದಿ ಮಾಡಿದ್ದರು. ಅಂದು ಅಲ್ಲಿ ಕಬ್ಬಿನ ನೀರು ಮಾಡಿದ್ದನ್ನೇ ಮುಂದೆ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ನೀರು ಮಾಡಿತು. 1953ರಲ್ಲಿ ಈ ಅಣೆಕಟ್ಟಿನಿಂದ ನೀರು ಹರಿಯಲಾರಂಭಿಸಿದಾಗ ಅಚ್ಚುಕಟ್ಟಿನ ಹೆಚ್ಚಿನ ಭಾಗವನ್ನು ಜೋಳ, ಹತ್ತಿ ಮೊದಲಾದ ಹಗುರ ನೀರಾವರಿ ಬೆಳೆಗಳಿಗೆ ಗೊತ್ತುಪಡಿಸಲಾಗಿತ್ತು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಅಲ್ಲಿ ನಿಂತ ನೀರು ಮಣ್ಣಿನೊಳಗೇ ಜಿನುಗಿ ಕೆಳಗಿನ ಹೊಲಗಳ ಅಂತರ್ಜಲವನ್ನು ಮೇಲಕ್ಕೆತ್ತಿತು.

ಅಂತರ್ಜಲ ನೆಲದಿಂದ ಒಂದೂವರೆ-ಎರಡು ಮೀಟರಿನೊಳಗೆ ಬಂದಿತೆಂದರೆ ಕೆಲಸ ಕೆಟ್ಟಂತೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವ ಹಾಗೆ ಜೇಡಿಮಣ್ಣು ಆ ನೀರನ್ನು ಮೇಲಕ್ಕೆ ಎಳೆಯುತ್ತದೆ. ಬಿಸಿಲಿಗೆ ನೀರು ಆವಿಯಾಗುತ್ತದೆ, ಅದರಲ್ಲಿ ಕರಗಿದ್ದ ಉಪ್ಪು ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ಮಾರ್ಚಿ-ಏಪ್ರಿಲ್ ತಿಂಗಳಲ್ಲಿ ಬೀಳುಬಿಟ್ಟ ಗದ್ದೆಯ ಮೇಲೆ ಸುಣ್ಣ ಬಳಿದಂತೆ ಕಾಣುವ ಬಿಳುಪು ಇದೇ.

ಉಪ್ಪು ಕೆಳಗಿನಿಂದ ಮಾತ್ರ ಬರುವುದಿಲ್ಲ, ಮೇಲಿನಿಂದಲೂ ಬರುತ್ತದೆ. ನೀರಿನಲ್ಲಿರುವ ಲವಣವನ್ನು ಅದರ ವಿದ್ಯುತ್ ವಾಹಕತೆಯಿಂದ ಅಳೆಯುವರು. ಇದರ ಅಳತೆ ಡೆಸಿಸೀಮನ್ಸ್. (ಹಳೆಯ ವರದಿಗಳಲ್ಲಿ ಮಿಲಿಮೋ ಎಂದಿರುತ್ತದೆ. ಅಂಕಿ ಅದೇ, ಹೆಸರು ಮಾತ್ರ ಬೇರೆ.) ವಾಹಕತೆ 1 ಇದ್ದರೆ ಲೀಟರಿಗೆ ಸುಮಾರು 640 ಮಿಲಿಗ್ರಾಂ ಲವಣವಿದೆ ಎಂದು ಹಿಡಿಯಬಹುದು. ವಾಹಕತೆ 2 ಇರುವ ಕೊಳವೆಬಾವಿಯ ನೀರನ್ನು ಬೆಳೆಯ ಅವಧಿಯಲ್ಲಿ ಒಟ್ಟು 40 ಸೆಂ.ಮೀ. ಕೊಟ್ಟರೆ, ಎಕರೆಗೆ 16 ಲಕ್ಷ ಲೀಟರ್ ನೀರಿನೊಡನೆ ಸುಮಾರು 20 ಕ್ವಿಂಟಲ್ ಲವಣ ಹೊಲಕ್ಕೆ ಸೇರುವುದು. ವಾಹಕತೆ 0.3 ಇರುವ ಕಾಲುವೆಯ ನೀರನ್ನು ಅಷ್ಟೇ ಕೊಟ್ಟರೆ ಸೇರುವುದು 3 ಕ್ವಿಂಟಲ್. ಬಳ್ಳಿ ನೀರನ್ನು ಹೀರಿಕೊಳ್ಳುತ್ತದೆಯೇ ಹೊರತು ಈ ಲವಣದ ಬಹುಪಾಲನ್ನು ಮಣ್ಣಿನಲ್ಲಿಯೇ ಬಿಡುತ್ತದೆ. ಒಂದು ಚೀಲ ಉಪ್ಪನ್ನು ಹೊಲಕ್ಕೆ ಚೆಲ್ಲೆಂದರೆ ಯಾರೂ ಒಪ್ಪುವುದಿಲ್ಲ. ಆದರೆ ಪಂಪಿನ ಗುಂಡಿ ಒತ್ತಿ ಇಪ್ಪತ್ತು ಕ್ವಿಂಟಲ್ ಚೆಲ್ಲುವುದು ಕಣ್ಣಿಗೆ ಕಾಣುವುದಿಲ್ಲ!

ಬೆಳೆಯಲ್ಲಿ ಕಾಣುವ ಲಕ್ಷಣಗಳು

ಸವಳಿನಲ್ಲಿ ಬೀಜ ತಡವಾಗಿ, ಹೆಚ್ಚುಕಡಿಮೆಯಾಗಿ ಮೊಳೆಯುವುದು. ಮೊಳೆತ ಸಸಿ ಎರಡು-ಮೂರು ಎಲೆಯ ಹಂತದಲ್ಲಿ ನಿಂತುಬಿಡುವುದು. ಮಣ್ಣಿನಲ್ಲಿ ತೇವ ಇದ್ದರೂ ಮಧ್ಯಾಹ್ನದ ಹೊತ್ತಿಗೆ ಎಲೆ ಜೋಲುವುದು. ಇದಕ್ಕೆ ಕಾರಣ ತಿಳಿದಿರುವುದು ಒಳ್ಳೆಯದು. ಬೇರು ನೀರನ್ನು ಹೀರಬೇಕಾದರೆ ಬೇರಿನ ರಸಕ್ಕಿಂತ ಮಣ್ಣಿನ ನೀರು ತಿಳಿಯಾಗಿರಬೇಕು. ಮಣ್ಣಿನ ನೀರೇ ಉಪ್ಪಾದರೆ ಬೇರಿನ ಪಾಲಿಗೆ ಅದು ಇದ್ದೂ ಇಲ್ಲದಂತೆ. ಬೆಳೆ ಬಾಡಿತೆಂದು ಅದೇ ಉಪ್ಪು ನೀರನ್ನು ಇನ್ನಷ್ಟು ಹಾಯಿಸುವುದು, ಬೆಳವಣಿಗೆ ಕುಂಠಿತವಾಯಿತೆಂದು ಯೂರಿಯಾ ಎರಚುವುದು, ಇವೆರಡೂ ಸಾಮಾನ್ಯವಾಗಿ ಕಂಡುಬರುವ ತಪ್ಪುಗಳು. ರಸಗೊಬ್ಬರವೂ ಒಂದು ಲವಣವೇ ಸರಿಯಷ್ಟೆ.

ಮುಂದೆ ಬಳ್ಳಿಯ ಗೆಣ್ಣುಗಳ ನಡುವಿನ ಅಂತರ ಕಡಿಮೆಯಾಗಿ, ಎಲೆ ಚಿಕ್ಕದಾಗಿ, ಬಣ್ಣ ಕಡು ಹಸಿರಾಗುತ್ತದೆ. ಹಳೆಯ ಎಲೆಗಳ ಅಂಚು ಸುಟ್ಟಂತಾಗಿ ಒಳಕ್ಕೆ ಒಣಗುತ್ತಾ ಬರುತ್ತದೆ. ಇದು ಎಲೆಯಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಶೇಖರವಾದುದರ ಗುರುತು. ಸುಣ್ಣದ ಅಂಶ ಕಾಯಿಗೆ ಸರಿಯಾಗಿ ತಲುಪದೆ ಕಲ್ಲಂಗಡಿಯ ಹೂವಿನ ಕಡೆಯ ತುದಿ ಕಪ್ಪಾಗಿ ಕೊಳೆಯುವುದೂ ಉಂಟು.

ಇಲ್ಲಿ ರೈತರನ್ನು ಮೋಸಗೊಳಿಸುವ ಒಂದು ಸಂಗತಿಯಿದೆ. ಸಾಧಾರಣ ಸವಳಿನಲ್ಲಿ ಬೆಳೆದ ಕರಬೂಜ ಹೆಚ್ಚು ಸಿಹಿಯಾಗಿರುವುದು ಸಾಮಾನ್ಯ. ಹಣ್ಣಿಗೆ ನೀರು ಕಡಿಮೆ ಸೇರುವುದರಿಂದ ಸಕ್ಕರೆಯ ಅಂಶ ದಟ್ಟವಾಗುತ್ತದೆ. ಹಣ್ಣು ಕೊಯ್ದು ತಿಂದು ನೋಡಿದವರು ಭೂಮಿ ಚೆನ್ನಾಗಿದೆ ಎಂದೇ ತಿಳಿಯುವರು. ಆದರೆ ಹಣ್ಣು ಚಿಕ್ಕದು. ವ್ಯಾಪಾರಿ ತೂಕಕ್ಕೆ ಹಣ ಕೊಡುತ್ತಾನೆ, ಚಿಕ್ಕ ಹಣ್ಣನ್ನು ಬೇರೆ ಮಾಡಿ ದರ ಇಳಿಸುತ್ತಾನೆ. ಇಳುವರಿ ಕಾಲುಭಾಗ ಕುಸಿದಿರುವುದು ಬಾಯಿಗೆ ತಿಳಿಯದು, ತಕ್ಕಡಿಗೆ ತಿಳಿಯುವುದು.

ಸೊರಗು ರೋಗವನ್ನೂ ಸವಳನ್ನೂ ಒಂದೇ ಎಂದು ತಿಳಿದು ಔಷಧಿಗೆ ಹಣ ಸುರಿಯುವವರಿದ್ದಾರೆ. ಸೊರಗು ರೋಗದಲ್ಲಿ ಅಲ್ಲೊಂದು ಇಲ್ಲೊಂದು ಬಳ್ಳಿ ಒಮ್ಮೆಲೇ ಬಾಡುತ್ತದೆ. ಬುಡದ ಕಾಂಡವನ್ನು ಓರೆಯಾಗಿ ಕೊಯ್ದು ನೋಡಿದರೆ ಒಳಗಿನ ನಾಳ ಕಂದಾಗಿರುತ್ತದೆ. ಸವಳಿನಲ್ಲಾದರೆ ತಗ್ಗಿನ ಜಾಗ, ಕಾಲುವೆಯ ಮಗ್ಗುಲು, ಹೊಲದ ಕೆಳಗಿನ ಅಂಚು ಹೀಗೆ ತೇಪೆತೇಪೆಯಾಗಿ ಬೆಳೆ ಕುಗ್ಗಿರುತ್ತದೆ. ಕಾಂಡದ ಒಳಗೆ ಕಂದು ಬಣ್ಣ ಇರುವುದಿಲ್ಲ. ಪೊಟ್ಯಾಷ್ ಕೊರತೆಯಲ್ಲಿಯೂ ಹಳೆಯ ಎಲೆಯ ಅಂಚು ಸುಡುವುದರಿಂದ, ಎಲೆಯನ್ನು ಮಾತ್ರ ನೋಡಿ ತೀರ್ಮಾನಕ್ಕೆ ಬರಬಾರದು. ಮಣ್ಣು ಪರೀಕ್ಷೆಯೇ ನಿರ್ಣಾಯಕ.

ಸವಳಿನಲ್ಲಿ ಎರಡು ಬಗೆ

ಹಳ್ಳಿಯಲ್ಲಿ ಎರಡನ್ನೂ ಸವಳು ಎಂದೇ ಕರೆದರೂ ಲವಣಯುಕ್ತ ಮಣ್ಣು ಬೇರೆ, ಕ್ಷಾರಯುಕ್ತ ಮಣ್ಣು ಬೇರೆ. ಔಷಧಿ ಹಾಕುವ ಮೊದಲು ರೋಗ ಯಾವುದೆಂದು ತಿಳಿಯಬೇಕು. ಲವಣಯುಕ್ತ ಮಣ್ಣಿನಲ್ಲಿ ಮೇಲೆ ಬಿಳಿ ಉಪ್ಪು ಕಾಣುವುದು, ರಸಸಾರ 8.5ಕ್ಕಿಂತ ಕಡಿಮೆ, ವಾಹಕತೆ 4ಕ್ಕಿಂತ ಹೆಚ್ಚು. ಮಣ್ಣು ಪುಡಿಪುಡಿಯಾಗಿಯೇ ಇರುವುದು, ನೀರು ಇಂಗುವುದು. ಕ್ಷಾರಯುಕ್ತ ಮಣ್ಣಿನಲ್ಲಿ ರಸಸಾರ 8.5ಕ್ಕಿಂತ ಹೆಚ್ಚಿದ್ದು, ಮಣ್ಣಿನ ಕಣಗಳಿಗೆ ಸೋಡಿಯಂ ಅಂಟಿಕೊಂಡಿರುತ್ತದೆ. ಹಸಿಯಾದಾಗ ಜಾರುವ ಕೆಸರು, ಒಣಗಿದಾಗ ಕಲ್ಲು. ಮೇಲ್ಭಾಗ ಕೆಲವೊಮ್ಮೆ ಎಣ್ಣೆ ಚೆಲ್ಲಿದಂತೆ ಕಪ್ಪಗಿರುವುದು. ಸೋಡಿಯಂ ಪಾಲು ಶೇಕಡಾ 15 ದಾಟಿದರೆ ಕ್ಷಾರಯುಕ್ತ ಎಂಬುದು ಸಾಮಾನ್ಯ ಲೆಕ್ಕವಾದರೂ, ಎರೆ ಮಣ್ಣು ಇದಕ್ಕಿಂತ ಕಡಿಮೆ ಸೋಡಿಯಂಗೇ ಬಿಗಿದುಕೊಳ್ಳುತ್ತದೆ.

ಮನೆಯಲ್ಲಿಯೇ ಮಾಡಬಹುದಾದ ಒಂದು ಸರಳ ಪರೀಕ್ಷೆ ಇದೆ. ಗಾಜಿನ ಲೋಟದಲ್ಲಿ ಒಂದು ಹಿಡಿ ಮಣ್ಣಿಗೆ ಮಳೆನೀರು ಹಾಕಿ ಚೆನ್ನಾಗಿ ಕಲಕಿ ಇಡಬೇಕು. ಲವಣವಿದ್ದ ಮಣ್ಣು ಕೆಲವು ಗಂಟೆಗಳಲ್ಲಿ ತಳಕ್ಕೆ ಕುಳಿತು ನೀರು ತಿಳಿಯಾಗುವುದು. ಕ್ಷಾರವಿದ್ದ ಮಣ್ಣಿನ ನೀರು ಮರುದಿನವೂ ಬಗ್ಗಡವಾಗಿಯೇ ಇರುವುದು. ಇದು ಸೂಚನೆ ಮಾತ್ರ. ಪ್ರಯೋಗಾಲಯದ ಪರೀಕ್ಷೆಗೆ ಬದಲಿ ಅಲ್ಲ.

ಮಾದರಿಯನ್ನು ಒಣ ಕಾಲದಲ್ಲಿ, ಬಿತ್ತನೆಗೆ ಕನಿಷ್ಠ ಒಂದು ತಿಂಗಳ ಮೊದಲು ತೆಗೆಯಬೇಕು. ಮಳೆ ಬಂದ ಕೂಡಲೇ ತೆಗೆದರೆ ಉಪ್ಪು ಕೆಳಗಿಳಿದಿರುವುದರಿಂದ ಅಂಕಿ ಸುಳ್ಳು ಹೇಳುವುದು. ಚೆನ್ನಾಗಿ ಬೆಳೆಯುವ ಜಾಗದ ಮಣ್ಣನ್ನೂ ಕೆಟ್ಟ ಜಾಗದ ಮಣ್ಣನ್ನೂ ಬೆರೆಸಕೂಡದು. ಬೆರೆಸಿದ ಮಾದರಿ ಎರಡರ ಬಗ್ಗೆಯೂ ನಿಜ ಹೇಳುವುದಿಲ್ಲ. ಪ್ರತಿಯೊಂದು ಜಾಗದಿಂದ 0-15, 15-30 ಮತ್ತು 30-60 ಸೆಂ.ಮೀ. ಆಳದ ಮಣ್ಣನ್ನು ಬೇರೆಬೇರೆ ಚೀಲಕ್ಕೆ ಹಾಕಿ, ಬಾವಿಯ ನೀರನ್ನೂ ಒಂದು ಬಾಟಲಿಯಲ್ಲಿ ಜೊತೆಗೆ ಕಳುಹಿಸತಕ್ಕದ್ದು.

ವರದಿ ಬಂದಾಗ ಒಂದು ವಿಷಯ ಕೇಳಿ ತಿಳಿಯಬೇಕು. ಹೆಚ್ಚಿನ ಪ್ರಯೋಗಾಲಯಗಳಲ್ಲಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ವಾಹಕತೆ ಅಳೆಯುವರು. ಪುಸ್ತಕಗಳಲ್ಲಿ ಬೆಳೆಗಳ ಸಹನಶಕ್ತಿಯನ್ನು ಕೊಟ್ಟಿರುವುದು ಮಣ್ಣನ್ನು ನೀರಿನಿಂದ ಮುದ್ದೆಯಾಗುವಷ್ಟು ಮಾತ್ರ ತೋಯಿಸಿ ಹಿಂಡಿ ತೆಗೆದ ರಸಕ್ಕೆ. ಮೊದಲನೆಯದರಲ್ಲಿ ನೀರು ಹೆಚ್ಚಾದುದರಿಂದ ಅಂಕಿ ಬಹಳ ಕಡಿಮೆ ಬರುತ್ತದೆ. ಚೀಟಿಯಲ್ಲಿ 1.5 ಎಂದು ನೋಡಿ ಸಮಾಧಾನಪಟ್ಟುಕೊಂಡ ರೈತನ ಹೊಲದಲ್ಲಿ ನಿಜವಾಗಿ ಅದರ ಹಲವು ಪಟ್ಟು ಉಪ್ಪು ಇರಬಹುದು. ವಿಸ್ತರಣಾ ಕಾರ್ಯಕರ್ತರು ಚೀಟಿಯನ್ನು ಓದಿ ಹೇಳುವಾಗ ಈ ವ್ಯತ್ಯಾಸವನ್ನು ಬಿಡಿಸಿ ಹೇಳುವುದು ಅಗತ್ಯ.

ಬಿತ್ತಬೇಕೆ, ಬೇಡವೆ?

ಅಮೆರಿಕದ ಲವಣತೆ ಪ್ರಯೋಗಾಲಯದ ಪಟ್ಟಿಗಳ ಪ್ರಕಾರ ಕರಬೂಜದ ಇಳುವರಿ ಮಣ್ಣಿನ ರಸದ ವಾಹಕತೆ 1 ದಾಟಿದಂದಿನಿಂದಲೇ ಇಳಿಯತೊಡಗುತ್ತದೆ. ಅಲ್ಲಿಂದ ಮುಂದೆ ಪ್ರತಿ ಒಂದು ಅಂಕಿಗೆ ಶೇಕಡಾ 8ಕ್ಕಿಂತ ಸ್ವಲ್ಪ ಹೆಚ್ಚು ನಷ್ಟ. ಅಂದರೆ 4ರಲ್ಲಿ ಮುಕ್ಕಾಲು ಬೆಳೆ, 7ರಲ್ಲಿ ಅರ್ಧ ಬೆಳೆ. ಕಲ್ಲಂಗಡಿಯನ್ನೂ ಸಾಧಾರಣವಾಗಿ ಉಪ್ಪು ತಾಳದ ಬೆಳೆಗಳ ಗುಂಪಿಗೇ ಸೇರಿಸಲಾಗಿದೆ. ಜೋಳ 6.8ರವರೆಗೆ, ಹತ್ತಿ 7.7ರವರೆಗೆ ಹೆಚ್ಚು ನಷ್ಟವಿಲ್ಲದೆ ತಾಳಬಲ್ಲವು. ತಳಿ, ಹವೆ, ನೀರಿನ ವ್ಯವಸ್ಥೆಗಳಿಂದ ಈ ಅಂಕಿಗಳು ಹಿಂದುಮುಂದಾಗುತ್ತವೆ. ಆದರೂ ಖರ್ಚು ಹೆಚ್ಚಿರುವ ಬೆಳೆಯಲ್ಲಿ ಮುಕ್ಕಾಲು ಇಳುವರಿ ಎಂದರೆ ಲಾಭವೆಲ್ಲ ಹೋಯಿತೆಂದೇ ಅರ್ಥ. ವಾಹಕತೆ 4 ದಾಟಿದ ತೇಪೆಯಲ್ಲಿ ಆ ವರ್ಷ ಕಲ್ಲಂಗಡಿ ಬೇಡವೆಂದು ಬಿಟ್ಟು, ಅಲ್ಲಿ ಹತ್ತಿಯನ್ನೋ ಜೋಳವನ್ನೋ ಹಾಕುವುದು ಮೇಲು. ನಾಲ್ಕು ಎಕರೆಯಲ್ಲಿ ಒಂದು ಎಕರೆ ಹಾಗಿದ್ದರೆ ಮೂರು ಎಕರೆಗೇ ಹನಿ ಕೊಳವೆ ಹಾಸಿದರೆ ಸಾಕು.

ಬೀಜ ಎಲ್ಲಿ ಊರಬೇಕು?

ಉಪ್ಪು ನೀರಿನೊಡನೆ ನಡೆಯುತ್ತದೆ. ನೀರು ಎಲ್ಲಿ ಕೊನೆಗೊಂಡು ಆರುವುದೋ ಅಲ್ಲಿ ಕೂರುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದು ಸುಲಭ. ಬೋದಿನ ಎರಡೂ ಕಡೆಯ ಸಾಲಿನಲ್ಲಿ ನೀರು ಹಾಯಿಸಿದಾಗ ನೀರು ಎರಡೂ ಮಗ್ಗುಲಿನಿಂದ ಒಳಕ್ಕೂ ಮೇಲಕ್ಕೂ ಏರಿ ಬೋದಿನ ನೆತ್ತಿಯಲ್ಲಿ ಸೇರುವುದು. ಎಲ್ಲ ಉಪ್ಪೂ ಅಲ್ಲಿಯೇ. ರೂಢಿಯಂತೆ ನೆತ್ತಿಯ ಮೇಲೆ ಬೀಜ ಊರಿದರೆ ಹೊಲದಲ್ಲಿಯೇ ಅತ್ಯಂತ ಕೆಟ್ಟ ಜಾಗವನ್ನು ಆರಿಸಿಕೊಂಡಂತಾಗುವುದು. ಅಗಲವಾದ ಬೋದು ಮಾಡಿ ಅದರ ಮಗ್ಗುಲಿನಲ್ಲಿ, ನೀರು ಮುಟ್ಟುವ ಗೆರೆಗಿಂತ ಸ್ವಲ್ಪ ಮೇಲೆ ಬೀಜ ಊರಬೇಕು. ಬಳ್ಳಿ ಬೆಳೆದು ನೆತ್ತಿಯ ಮೇಲೆ ಹಬ್ಬಿದರೆ ತೊಂದರೆಯಿಲ್ಲ, ಬೇರು ಮಾತ್ರ ಅಲ್ಲಿರಬಾರದು.

ಹನಿ ನೀರಾವರಿಯಲ್ಲಿ ಒದ್ದೆಯಾದ ಮಣ್ಣು ಒಂದು ಗಡ್ಡೆಯ ಆಕಾರದಲ್ಲಿದ್ದು, ಅದರ ಹೊರ ಅಂಚಿನಲ್ಲಿ ಉಪ್ಪು ಬಳೆಯಂತೆ ಸುತ್ತಿಕೊಳ್ಳುತ್ತದೆ. ಹನಿ ಬೀಳುವ ತಾಣಕ್ಕೆ ಹತ್ತಿರದಲ್ಲಿ ಸಸಿ ಇದ್ದರೆ ಕ್ಷೇಮ. ನೀರನ್ನು ಎರಡು-ಮೂರು ದಿನಕ್ಕೊಮ್ಮೆ ಒಟ್ಟಿಗೆ ಬಿಡುವುದಕ್ಕಿಂತ ದಿನವೂ ಸ್ವಲ್ಪಸ್ವಲ್ಪ ಕೊಟ್ಟರೆ ಬೇರಿನ ಬಳಿಯ ನೀರು ದಟ್ಟವಾಗುವುದು ತಪ್ಪುತ್ತದೆ. ಹೊದಿಕೆಯ ಹಾಳೆ ಮೇಲಿನ ಆವಿಯನ್ನು ತಡೆಯುವುದರಿಂದ ಉಪ್ಪು ಮೇಲೇರುವುದು ಕಡಿಮೆಯಾಗುತ್ತದೆ. ಹಾಳೆಗೆ ಅನುಕೂಲವಿಲ್ಲದವರು ಭತ್ತದ ಹುಲ್ಲನ್ನು ದಪ್ಪವಾಗಿ ಹೊದಿಸಬಹುದು. ಬೇಸಿಗೆಯಲ್ಲಿ ಒಂದು ತುಂತುರು ಮಳೆ ಬಂದರೆ ರೈತರು ಹನಿ ನೀರನ್ನು ನಿಲ್ಲಿಸಿಬಿಡುತ್ತಾರೆ. ಹೀಗೆ ಮಾಡಕೂಡದು. ಅಂಚಿನಲ್ಲಿದ್ದ ಉಪ್ಪನ್ನು ಆ ಸಣ್ಣ ಮಳೆ ಬೇರಿನ ಕಡೆಗೆ ತಳ್ಳುವುದು. ಮಳೆ ಬರುತ್ತಿರುವಾಗಲೂ ಹನಿ ನಡೆಯುತ್ತಿದ್ದರೆ ಉಪ್ಪು ಒಳಕ್ಕೆ ಬಾರದು.

ಕಾಲುವೆಯ ನೀರೂ ಕೊಳವೆಬಾವಿಯ ನೀರೂ ಎರಡೂ ಇರುವ ಕಡೆ ಒಳ್ಳೆಯ ನೀರನ್ನು ಮೊದಲು, ಸಸಿಯ ಕಾಲಕ್ಕೆ ಕೊಡಬೇಕು. ಬೇರು ಆಳಕ್ಕೆ ಇಳಿದ ಬಳ್ಳಿ ಮುಂದೆ ಸ್ವಲ್ಪ ಉಪ್ಪು ನೀರನ್ನು ತಾಳಿಕೊಳ್ಳುತ್ತದೆ, ಎಳೆ ಸಸಿ ತಾಳುವುದಿಲ್ಲ. ಕೃಷಿ ಹೊಂಡದಲ್ಲಿ ಕಾಲುವೆಯ ನೀರನ್ನು ಹಿಡಿದಿಟ್ಟುಕೊಂಡರೆ ಕಾಲುವೆ ನಿಂತ ಮೇಲೆ ಬಾವಿಯ ನೀರಿನೊಡನೆ ಬೆರೆಸಿ ಬಳಸಬಹುದು. ಗೊಬ್ಬರದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ: ಹಲವು ಕಂತುಗಳಲ್ಲಿ ಕೊಡಬೇಕು, ಕ್ಲೋರೈಡ್ ಇರುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಬದಲು ಸಲ್ಫೇಟ್ ಆಫ್ ಪೊಟ್ಯಾಷ್ ಬಳಸಬೇಕು, ಹಸಿ ಕೋಳಿ ಗೊಬ್ಬರವನ್ನು ಗುಣಿಗೆ ಹಾಕಬಾರದು. ಕುಂಬಳ ಜಾತಿಯ ಬೇರುಸಸಿಗೆ ಕಸಿಮಾಡಿದ ಕಲ್ಲಂಗಡಿ ಸೋಡಿಯಂ ಅನ್ನು ಬೇರಿನಲ್ಲಿಯೇ ತಡೆದು ಸವಳನ್ನು ಹೆಚ್ಚು ತಾಳುವುದೆಂದು ಹಲವು ದೇಶಗಳ ಪ್ರಯೋಗಗಳಿಂದ ತಿಳಿದುಬಂದಿದೆ. ಆದರೆ ಸಸಿಯ ಬೆಲೆ ಹೆಚ್ಚು.

ತೊಳೆಯುವುದು ಮತ್ತು ಬಸಿಯುವುದು

ಈವರೆಗೆ ಹೇಳಿದ್ದೆಲ್ಲ ಉಪ್ಪನ್ನು ಬೇರಿನಿಂದ ಆಚೆ ಸರಿಸುವ ಉಪಾಯಗಳು. ಹೊಲದಿಂದ ಉಪ್ಪು ಹೊರಗೆ ಹೋಗಬೇಕಾದರೆ ನೀರೇ ಅದನ್ನು ಹೊತ್ತೊಯ್ಯಬೇಕು. ಒಂದು ಅಡಿ ಆಳದ ಮಣ್ಣಿನೊಳಗಿಂದ ಒಂದು ಅಡಿ ನೀರು ಇಳಿದು ಹೋದರೆ ಅದರಲ್ಲಿನ ಲವಣದ ಸುಮಾರು ಶೇಕಡಾ 80 ತೊಳೆದುಹೋಗುವುದೆಂಬುದು ಒಂದು ಸ್ಥೂಲ ಲೆಕ್ಕ. ಎಕರೆಗೆ ಇದು 12 ಲಕ್ಷ ಲೀಟರಿಗೂ ಹೆಚ್ಚು. ಎರೆ ಭೂಮಿಯಲ್ಲಿ ಇಷ್ಟನ್ನೂ ಒಮ್ಮೆಗೇ ನಿಲ್ಲಿಸುವುದಕ್ಕಿಂತ ನಾಲ್ಕೈದು ಸಲ, ನಡುವೆ ಇಂಗಲು ಬಿಟ್ಟು ಕೊಟ್ಟರೆ ಕಡಿಮೆ ನೀರಿನಲ್ಲಿ ಹೆಚ್ಚು ಉಪ್ಪು ಇಳಿಯುತ್ತದೆ. ಹೊಲವನ್ನು ಸಮಮಾಡಿ, ಬದು ಕಟ್ಟಿ ಮುಂಗಾರಿನ ಮಳೆ ನೀರನ್ನು ಹಿಡಿದರೆ ಈ ಕೆಲಸ ಖರ್ಚಿಲ್ಲದೆ ಆಗುವುದು.

ಆದರೆ ಇಳಿದ ನೀರಿಗೆ ಹೋಗಲು ದಾರಿ ಇರಬೇಕು. ದಾರಿಯಿಲ್ಲದೆ ನೀರು ನಿಲ್ಲಿಸಿ ತೊಳೆಯಹೊರಟರೆ ಅಂತರ್ಜಲ ಮತ್ತಷ್ಟು ಮೇಲೆದ್ದು, ಬೇಸಿಗೆಗೆ ಅದೇ ಉಪ್ಪು ಮರಳಿ ಬರುವುದು. ಇದನ್ನು ತಿಳಿಯಲು ಹೊಲದ ತಗ್ಗಿನಲ್ಲಿ ಎರಡು ಮೀಟರ್ ಆಳದ ರಂಧ್ರ ಕೊರೆದು, ತೂತುಗಳಿರುವ ಪಿ.ವಿ.ಸಿ. ಕೊಳವೆ ಇಳಿಸಿ, ತಿಂಗಳಿಗೊಮ್ಮೆ ಹಗ್ಗ ಬಿಟ್ಟು ನೀರಿನ ಮಟ್ಟ ನೋಡಿ ಬರೆದಿಟ್ಟುಕೊಂಡರೆ ಸಾಕು. ನೀರು ಮೇಲಿದ್ದರೆ ಹೊಲದ ಕೆಳ ಅಂಚಿನಲ್ಲಿ ಬಸಿಗಾಲುವೆ ತೋಡಬೇಕು. ಹೆಚ್ಚು ಕೆಟ್ಟ ಭೂಮಿಯಲ್ಲಿ ಸುಮಾರು ಒಂದು ಮೀಟರ್ ಆಳದಲ್ಲಿ ತೂತುಗಳಿರುವ, ಸೋಸುಬಟ್ಟೆ ಸುತ್ತಿದ ಕೊಳವೆಗಳನ್ನು ಹೂಳುವ ಪದ್ಧತಿ ಇದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಸುಧಾರಣೆಯ ಬಗ್ಗೆ ಬಹುಕಾಲದಿಂದ ಸಂಶೋಧನೆ ನಡೆದಿದ್ದು, ಆ ಭಾಗದ ರೈತರು ಅಲ್ಲಿ ಸಲಹೆ ಪಡೆಯಬಹುದು.

ಜಿಪ್ಸಂ ಬಗ್ಗೆ ಒಂದು ಮಾತು. ಸವಳು ಎಂದ ಕೂಡಲೇ ಜಿಪ್ಸಂ ಚೀಲ ತರುವ ರೂಢಿ ಬೆಳೆದಿದೆ. ಕೇವಲ ಲವಣವಿರುವ ಮಣ್ಣಿಗೆ ಅದರಿಂದ ಪ್ರಯೋಜನವಿಲ್ಲ. ಅಲ್ಲಿ ಬೇಕಾದುದು ನೀರು ಮತ್ತು ಬಸಿಗಾಲುವೆ. ಕ್ಷಾರಯುಕ್ತ ಮಣ್ಣಿಗಾದರೋ ಜಿಪ್ಸಂ ಬೇಕೇ ಬೇಕು. ಅದರ ಸುಣ್ಣದ ಅಂಶ ಮಣ್ಣಿನ ಕಣದಿಂದ ಸೋಡಿಯಂ ಅನ್ನು ಬಿಡಿಸುತ್ತದೆ, ಬಿಟ್ಟ ಸೋಡಿಯಂ ನೀರಿನೊಡನೆ ಇಳಿಯುತ್ತದೆ. ಎಷ್ಟು ಬೇಕೆಂಬುದನ್ನು ಪ್ರಯೋಗಾಲಯದ ವರದಿಯೇ ಹೇಳಬೇಕು. ಜಿಪ್ಸಂ ಅನ್ನು ಮೇಲಿನ 10-15 ಸೆಂ.ಮೀ. ಮಣ್ಣಿನಲ್ಲಿ ಬೆರೆಸಿ ನೀರು ನಿಲ್ಲಿಸಿ, ನಂತರ ಡಯಂಚ ಬೆಳೆದು ಹೂ ಬಿಡುವ ಮೊದಲು ಮಣ್ಣಿಗೆ ಸೇರಿಸುವುದು ಉತ್ತಮ. ಲವಣ, ಕ್ಷಾರ ಎರಡೂ ಇರುವ ಮಣ್ಣನ್ನು ಜಿಪ್ಸಂ ಇಲ್ಲದೆ ತೊಳೆದರೆ ಲವಣ ಮಾತ್ರ ಹೋಗಿ, ಉಳಿದ ಸೋಡಿಯಂನಿಂದ ಮಣ್ಣು ಬಿಗಿದುಕೊಂಡು, ಆಮೇಲೆ ನೀರು ಇಂಗುವುದೇ ನಿಲ್ಲುವುದು.

ಬಸಿಗಾಲುವೆ ಒಬ್ಬನ ಹೊಲದಲ್ಲಿ ಮುಗಿಯುವ ಕೆಲಸವಲ್ಲ. ಮೇಲಿನ ಭತ್ತದ ಗದ್ದೆಯ ನೀರು ಕೆಳಗಿನವರ ಕಲ್ಲಂಗಡಿಯನ್ನು ಕೆಡಿಸುತ್ತದೆ. ಕೆಳಗಿನವರು ತಮ್ಮ ಭಾಗದ ಬಸಿಗಾಲುವೆಯನ್ನು ಮುಚ್ಚಿ ಉತ್ತರೆ ಮೇಲಿನವರ ಗದ್ದೆ ಜೌಗಾಗುತ್ತದೆ. ಹೂಳು, ಆಪು ಹುಲ್ಲು ತುಂಬಿದ ಹಳೆಯ ಬಸಿಗಾಲುವೆಗಳು ಅಚ್ಚುಕಟ್ಟಿನಲ್ಲಿ ಎಲ್ಲೆಲ್ಲೂ ಇವೆ. ಹೊಸದನ್ನು ತೋಡುವುದಕ್ಕಿಂತ ಇದ್ದುದನ್ನು ಹಳ್ಳದವರೆಗೆ ತೆರವು ಮಾಡುವುದು ಅನೇಕ ಕಡೆ ಕಡಿಮೆ ಖರ್ಚಿನದು. ಆ ಸಾಲಿನ ಎಲ್ಲ ಹಿಡುವಳಿದಾರರು ನೀರು ಬಳಕೆದಾರರ ಸಹಕಾರ ಸಂಘದ ಮೂಲಕ ಕಾಲುವೆ ನಿಂತಿರುವ ಬೇಸಿಗೆಯ ವಾರಗಳಲ್ಲಿ ಈ ಕೆಲಸವನ್ನು ಮುಗಿಸಿದರೆ, ಮುಂಗಾರಿನ ಮೊದಲ ದೊಡ್ಡ ಮಳೆಗೇ ತೊಳೆಯುವಿಕೆ ಆರಂಭವಾಗುವುದು.